ಮಣಿ, ಕಚ್ಚು ಮತ್ತು ಚಾಳೀಸು

ನಲವತ್ತು ದಾಟಿದವರ ಕಣ್ಣಿಗೆ ಬರುವ ಮಂಕಿಗೆ ನಮ್ಮ ಕಡೆ ಚಾಳೀಸು ಎನ್ನುತ್ತಾರೆ. ಹಿಂದೂಸ್ತಾನಿಯಲ್ಲಿ ಚಾಳೀಸ್ ಎಂದರೆ ನಲವತ್ತು. ವಯಸ್ಸಿನ ಹೆಸರನ್ನೇ ತೊಂದರೆಗೂ ಇಟ್ಟು, ಅದೇ ಹೆಸರನ್ನು ಕನ್ನಡಕಕ್ಕೂ ಇಟ್ಟು ಸುಮ್ಮನಾದ ಜನ ನಾವು. ನನಗೆ ಚಾಳೀಸು ಬಂದದ್ದು 1998 ರಲ್ಲಿ, ನಲವತ್ತಮೂರನೆಯ ವಯಸ್ಸಿಗೆ. ಎಲ್ಲರಿಗೂ ಅದು ಪಂಚಾಂಗದಲ್ಲೋ, ಸೂಜಿಯ ಕಣ್ಣಿನಲ್ಲೋ, ಮದುವೆಯ ಕರೆಯೋಲೆಯಲ್ಲೋ ಗೊತ್ತಾಗುತ್ತದೆ. ನನಗೆ ಗೊತ್ತಾದದ್ದು ಅಪ್ಪಯ್ಯನ ಕೋವಿಯಲ್ಲಿ. ಅದು ಗೊತ್ತಾದ ಕ್ಷಣದಲ್ಲೇ ಮೂವತ್ತು ವರ್ಷದಿಂದ ನನಗೆ ಅರ್ಥವಾಗದೆ ಉಳಿದಿದ್ದ ಇನ್ನೊಂದು ಸಂಗತಿಯೂ ಗೊತ್ತಾಯಿತು. ಈ ಬರಹ ಅದರ ಬಗ್ಗೆ.

ಕೋವಿಯ ಪರಿಚಯ ಮೊದಲು ಆಗಲಿ. ನಮ್ಮ ಊರಿನ ಮಟ್ಟಿಗೆ ಕೋವಿ ಎಂದರೆ ಕೇಪಿನ ಕೋವಿ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಚರೆ ಹಾಕಿ, ತೆಂಗಿನ ನಾರು ಜಡಿದು, ಕೇಪು ಇಟ್ಟು, ದೇವರ ಮೇಲೆ ಭಾರ ಹಾಕಿ ಹೊಡೆಯುವುದು. ಸ್ವಲ್ಪ ಅನುಕೂಲಸ್ಥರ ಮನೆಯಲ್ಲಿ ಜೋಡಿ ನಳಿಗೆಯ ತೋಟಾ ಕೋವಿ ಇರುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ರೈಫಲ್ಲು ಇತ್ತು. ಸ್ವಾತಂತ್ರ್ಯ ಬಂದ ಮೇಲೆ ಕಾಫಿ ತೋಟ ಮಾರಿ ಸ್ವದೇಶಕ್ಕೆ ಹೊರಟ ಒಬ್ಬ ದೊರೆಯಿಂದ ಅಪ್ಪಯ್ಯ ಅದನ್ನು ಕೊಂಡಿದ್ದರು. ದೊರೆ ಪಿಯಾನೋವನ್ನೂ ಮಾರುವವನಿದ್ದನಂತೆ. ಅದನ್ನು ಕೊಂಡವರು ಯಾರೋ ತಿಳಿಯದು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪನಿಯ 315 ಬೋರಿನ ಬೋಲ್ಟ್ ರೈಫಲ್ಲು ಅದು. ಮುಂದೆ ಮೋಟಾರ್ ಸೈಕಲ್ಲಿಗೆ ಹೆಸರಾದ ಕಂಪನಿಯೇ ಇದು. 1861 ರಲ್ಲಿ ಹುಟ್ಟಿದ್ದು ಕೋವಿ ಮಾಡುವುದಕ್ಕೆ. ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ಕೋವಿಗಳ ಮುದ್ರೆ ಅದರ ಮೈಮೇಲಿತ್ತು. ನಾನು ಚಿಕ್ಕವನಿದ್ದಾಗ ಅದನ್ನು ನೆಲ್ಲುಹುಲ್ಲಿನ ಕುತ್ರಿ ಎಂದುಕೊಂಡಿದ್ದೆ.

ಈ 315 ಎಂಬ ಲೆಕ್ಕ ಎಲ್ಲಿಂದ ಬಂತು ಎಂಬುದಕ್ಕೂ ಒಂದು ಕಥೆಯಿದೆ. ಬ್ರಿಟಿಷ್ ಸೈನ್ಯದ ಕೋವಿ 303. ಸೈನ್ಯದ ತೋಟಾ ಇಲ್ಲಿಯ ಜನರ ಕೈಗೆ ಸಿಗಬಾರದೆಂದು ಸರಕಾರ ಆ ಅಳತೆಯನ್ನು ಖಾಸಗಿಯವರಿಗೆ ಮುಚ್ಚಿತು. ಆಗ ಕೋವಿ ಕಂಪನಿಗಳು ಆಸ್ಟ್ರಿಯಾ ದೇಶದ ಎಂಟು ಮಿಲಿಮೀಟರಿನ ಮಾನ್‌ಲಿಕರ್ ತೋಟಾವನ್ನು ತೆಗೆದುಕೊಂಡು, ಅದಕ್ಕೆ 315 ಎಂದು ಹೆಸರಿಟ್ಟು, ಸೈನ್ಯದ ಲೀ ಎನ್‌ಫೀಲ್ಡಿನ ಯಂತ್ರಕ್ಕೇ ಜೋಡಿಸಿ ಶಿಕಾರಿಯವರಿಗೆ ಮಾರಿದವು. ಯಂತ್ರ ಅದೇ, ನಳಿಗೆ ಬೇರೆ. ಸ್ವಾತಂತ್ರ್ಯಾನಂತರವೂ 303 ಮುಚ್ಚಿದಂತೆಯೇ ಉಳಿಯಿತು; ಬಂಗಾಳದ ಇಷಾಪುರದ ಸರಕಾರಿ ಕಾರ್ಖಾನೆಯೂ 315 ನ್ನೇ ಮಾಡಿತು. ಕಾನೂನಿನ ಬೇಲಿ ಎಲ್ಲಿ ತಗ್ಗಾಗಿದೆಯೆಂದು ಹಂದಿಗೆ ಮಾತ್ರವಲ್ಲ, ವ್ಯಾಪಾರಿಗೂ ಗೊತ್ತಿರುತ್ತದೆ.

ಬೋಲ್ಟಿನ ಕೆಲಸ ನಮ್ಮ ಬಾಗಿಲ ಅಗುಳಿಯದೇ. ಹಿಡಿಯನ್ನು ಮೇಲೆತ್ತಿ ಹಿಂದಕ್ಕೆಳೆದರೆ ಹೊಡೆದ ತೋಟಾದ ಖಾಲಿ ಚಿಪ್ಪು ಹೊರಗೆ ಹಾರುತ್ತದೆ. ಮುಂದಕ್ಕೆ ತಳ್ಳಿದರೆ ಕೆಳಗಿನ ಡಬ್ಬಿಯಿಂದ ಹೊಸ ತೋಟಾ ನಳಿಗೆಯೊಳಕ್ಕೆ ಹೋಗುತ್ತದೆ. ಹಿಡಿಯನ್ನು ಕೆಳಕ್ಕೆ ಮಡಚಿದರೆ ಅಗುಳಿ ಬಿತ್ತು. ಜರ್ಮನಿಯ ಮೌಸರ್ ಕೋವಿಯಲ್ಲಿ ಅಗುಳಿ ಎತ್ತುವಾಗ ಸ್ಪ್ರಿಂಗು ಬಿಗಿಯುತ್ತದೆ. ಲೀ ಎಂಬಾತ ಮಾಡಿದ ಈ ಯಂತ್ರದಲ್ಲಿ ಮುಂದಕ್ಕೆ ತಳ್ಳುವಾಗ ಬಿಗಿಯುತ್ತದೆ. ಆದ್ದರಿಂದ ಕೊನೆಯ ಒಂದು ಅಂಗುಲವನ್ನು ಅಂಗೈಯಿಂದ ಒತ್ತಿಯೇ ತಳ್ಳಬೇಕು. ಆ ಒತ್ತಡ, ಆ ಎಣ್ಣೆಯ ವಾಸನೆ, ಕೊನೆಯಲ್ಲಿ ಬರುವ 'ಕಟಕ್' ಸದ್ದು ನನ್ನ ಬಾಲ್ಯದ ಭಾಗ.

ಮುಖ್ಯವಾದದ್ದು ಗುರಿ ನೋಡುವ ಸಲಕರಣೆ. ಈಗಿನ ಸಿನಿಮಾಗಳಲ್ಲಿ ಕೋವಿಯ ಮೇಲೆ ದುರ್ಬೀನು ಕೂರಿಸಿರುತ್ತಾರೆ. ನಮ್ಮದಕ್ಕೆ ಅದಿರಲಿಲ್ಲ. ನಳಿಗೆಯ ತುದಿಯಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ಒಂದು ಮಣಿ. ಹಿಂದೆ, ಎಡಗೈ ಹಿಡಿಯುವ ಜಾಗದ ಮೇಲೆ, ನಡುವೆ ಕಚ್ಚು ಕೊರೆದ ಒಂದು ಕಬ್ಬಿಣದ ಎಲೆ. ನಿಂತ ಎಲೆ ನೂರು ಗಜಕ್ಕೆ; ಮಡಚಿಟ್ಟ ಎಲೆಗಳನ್ನು ಎತ್ತಿದರೆ ಇನ್ನೂರು, ಮುನ್ನೂರು ಗಜಕ್ಕೆ. ನಮ್ಮ ಕಾಡಿನಲ್ಲಿ ಮುನ್ನೂರು ಗಜ ದೂರ ಕಾಣುವುದು ಆಕಾಶ ಮಾತ್ರ. ಹಾಗಾಗಿ ಆ ಎಲೆಗಳನ್ನು ಯಾರೂ ಎತ್ತಿದ್ದು ನನಗೆ ನೆನಪಿಲ್ಲ.

ಕಚ್ಚಿನ ನಡುವೆ ಮಣಿ ಕೂರಬೇಕು, ಮಣಿಯ ಮೇಲೆ ಮೃಗ ಕೂರಬೇಕು. ಮಳೆಗಾಲದ ಸಂಜೆಗಳಲ್ಲಿ ಖಾಲಿ ಕೋವಿಯನ್ನು ಕಿಟಕಿಯ ಸರಳಿನ ಮೇಲಿಟ್ಟು ಅಪ್ಪಯ್ಯ ನನಗೆ ಪಾಠ ಹೇಳುತ್ತಿದ್ದರು.

"ಮಣಿ ಎಷ್ಟು ಕಾಣ್ತದೆ?"

"ಪೂರ್ತಿ ಕಾಣ್ತದೆ ಅಪ್ಪಯ್ಯ."

"ಹಾಗಾದ್ರೆ ಮೇಲೆ ಹೋಯ್ತು ಈಡು. ಮಣಿ ಕಚ್ಚಿನೊಳಗೆ ಕೂರ್ಬೇಕು. ಮೊಟ್ಟೆ ಮೇಲೆ ಕೋಳಿ ಕೂತ ಹಾಗೆ."

ಮಣಿ ಮೇಲೆದ್ದರೆ ನಳಿಗೆಯ ಮೂತಿಯೂ ಮೇಲೆದ್ದಿರುತ್ತದೆ, ಗುಂಡು ಎತ್ತರಕ್ಕೆ ಹೋಗುತ್ತದೆ. ಇದು ಲೆಕ್ಕ. ಕಚ್ಚಿಗೂ ಮಣಿಗೂ ಅರ್ಧ ಮೀಟರಿನಷ್ಟು ಅಂತರವಿದ್ದರೆ, ಮಣಿ ಎರಡು ಮಿಲಿಮೀಟರು ಮೇಲೆದ್ದರೆ ಅರವತ್ತು ಗಜ ದೂರದಲ್ಲಿ ಗುಂಡು ಒಂದು ಗೇಣು ಮೇಲೆ ಹೋಗುತ್ತದೆ. ಈ ಒಂದು ಗೇಣನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಅಪ್ಪಯ್ಯನಿಗೆ ನಮ್ಮ ಸೀಮೆಯಲ್ಲೇ ಒಳ್ಳೆಯ ಗುರಿಕಾರರೆಂದು ಹೆಸರಿತ್ತು. ಲೈಸೆನ್ಸಿನಲ್ಲಿ ಬರೆದಷ್ಟೇ ತೋಟಾ ಸಿಗುತ್ತಿದ್ದ ಕಾಲ. ಅಂಗಡಿಯವನು ಒಂದೊಂದನ್ನೂ ಪುಸ್ತಕಕ್ಕೆ ಹತ್ತಿಸಿ ಕೊಡುತ್ತಿದ್ದ. ಆದ್ದರಿಂದ ಅವರು ಈಡು ಹಾಳುಮಾಡುತ್ತಿರಲಿಲ್ಲ. "ಒಂದು ಹಂದಿಗೆ ಒಂದು ತೋಟಾ" ಎನ್ನುವುದು ಅವರ ಮಾತು. ದುರ್ಬೀನಿನ ವಿಷಯ ಯಾರಾದರೂ ಎತ್ತಿದರೆ, ಜಿಮ್ ಕಾರ್ಬೆಟ್ಟನಿಗೆ 1907 ರಲ್ಲಿ ಚಂಪಾವತದ ಹುಲಿಯನ್ನು ಕೊಂದದ್ದಕ್ಕೆ ಇನಾಮಾಗಿ ಬಂದದ್ದೂ ಇಂಥದೇ ಬೋಲ್ಟಿನ ರಿಗ್‌ಬಿ ಕೋವಿ, ಅವನಿಗೆ ದುರ್ಬೀನು ಬೇಕಾಗಲಿಲ್ಲ, ನನಗೇಕೆ ಎನ್ನುತ್ತಿದ್ದರು. ಅದೇ ಕಾರ್ಬೆಟ್ಟ್ ಕೊನೆಕೊನೆಗೆ ಕೋವಿಗಿಂತ ಕ್ಯಾಮೆರಾವನ್ನೇ ಹೆಚ್ಚು ಪ್ರೀತಿಸಿದ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಬಹುಶಃ ಆಗ ಅದು ಅವರಿಗೆ ಬೇಕಾಗಿರಲಿಲ್ಲ.

1968 ರ ನವೆಂಬರ್. ದೀಪಾವಳಿ ಮುಗಿದಿತ್ತು. ಭತ್ತ ಹಣ್ಣಾಗಿ, ಹಂದಿಗಳು ರಾತ್ರಿಯೆಲ್ಲ ಗದ್ದೆಗೆ ಬಿದ್ದು ಕೊಯ್ಲಿಗೆ ಮೊದಲೇ ಕೊಯ್ಲು ಮುಗಿಸುತ್ತಿದ್ದವು. ಊರವರೆಲ್ಲ ಸೇರಿ ಒಂದು ದಿನ ಹಳು ನುಗ್ಗುವುದೆಂದು ಮಾತಾಯಿತು. ಕ್ರಮ ಹೀಗೆ: ಕೋವಿ ಇದ್ದವರು ಮೃಗ ಹಾಯುವ ಕಂಡಿಗಳಲ್ಲಿ ಹೋಗಿ ನಿಲ್ಲುತ್ತಾರೆ. ಅದಕ್ಕೆ ಬಿಲ್ಲಿಗೆ ನಿಲ್ಲುವುದು ಎನ್ನುತ್ತಾರೆ. ಉಳಿದವರು ನಾಯಿಗಳನ್ನು ಬಿಟ್ಟುಕೊಂಡು ಇನ್ನೊಂದು ಕಡೆಯಿಂದ ಕೂಗು ಹಾಕುತ್ತಾ ಹಳು ಸೋವುತ್ತಾರೆ. ಬೇಟೆಯಾದರೆ ನುಗ್ಗಿದವರಿಗೂ ಪಾಲು, ನಾಯಿಗೂ ಪಾಲು.

ಬಿಲ್ಲಿನ ನೇಮ ಎರಡೇ. ನಿಂತ ಜಾಗ ಬಿಟ್ಟು ಕದಲಬಾರದು. ಬಾಯಿ ಬಿಡಬಾರದು. ಹದಿಮೂರು ವರ್ಷದ ನನ್ನನ್ನು ತೋಟಾದ ಚೀಲ ಹೊರಲು ಮೊದಲ ಸಲ ಜೊತೆಗೆ ಕರೆದುಕೊಂಡು ಹೋದ ಅಪ್ಪಯ್ಯ, ದಾರಿಯುದ್ದಕ್ಕೂ ಈ ಎರಡನೆಯದನ್ನೇ ಹೇಳಿದರು. "ಹುಲಿ ಬಂದ್ರೂ ಸರಿ, ಉಸಿರು ಬಿಡ್ಬಾರ್ದು. ಕೇಳ್ತಾ?"

ಕೇಳಿತ್ತು. ಆ ವಯಸ್ಸಿನಲ್ಲಿ ಅಪ್ಪಯ್ಯನ ಮಾತು ಎಷ್ಟು ಚೆನ್ನಾಗಿ ಕೇಳುತ್ತಿತ್ತೆಂದರೆ, ಅದೇ ನನ್ನ ತಪ್ಪಾಯಿತು.

ನಮ್ಮ ಬಿಲ್ಲು ಗದ್ದೆ ಕೋಗಿನ ಈಚೆ ದಂಡೆಯಲ್ಲಿತ್ತು. ಎದುರಿಗೆ ಸಪೂರವಾದ ಗದ್ದೆ, ಅದರಾಚೆ ಹಳುವಿನ ಅಂಚು, ಅಲ್ಲೊಂದು ಮತ್ತಿಮರ. ಸುಮಾರು ಅರವತ್ತು ಗಜ. ಬೆಳಗಿನ ಕಾವಳ ಇನ್ನೂ ಪೂರ್ತಿ ಹರಿದಿರಲಿಲ್ಲ. ದೂರದಲ್ಲಿ ಕೂಗು ಶುರುವಾಯಿತು. ನಾಯಿಗಳ ಬೊಗಳು ಹತ್ತಿರ ಬಂತು. ಒಂದು ನಾಯಿ ಕಿರುಚಿತು. ಹಂದಿ ತಿವಿದಾಗ ನಾಯಿ ಕಿರುಚುವ ಕಿರುಚು. ಅಪ್ಪಯ್ಯ ಬೋಲ್ಟನ್ನು ಸದ್ದಿಲ್ಲದೆ ಮುಂದಕ್ಕೊತ್ತಿದರು. ಆಮೇಲೆ ಎದುರಿನ ಪೊದೆ ಅಲುಗಿತು. ಮತ್ತಿಮರದ ಬುಡದಲ್ಲಿ ಕಪ್ಪಗೆ ಏನೋ ಬಗ್ಗಿ ಸರಿಯಿತು.

ಅಪ್ಪಯ್ಯ ಕೋವಿ ಎತ್ತಿದರು. ಸಾಮಾನ್ಯವಾಗಿ ಅವರು ಎತ್ತಿದ್ದೂ ಈಡಾದದ್ದೂ ಒಂದೇ ಉಸಿರಿನಲ್ಲಿ. ಆ ದಿನ ತಡ ಮಾಡಿದರು. ತಲೆಯನ್ನು ಒಮ್ಮೆ ಹಿಂದಕ್ಕೆ ತೆಗೆದರು, ಕಣ್ಣು ಕಿರಿದು ಮಾಡಿದರು, ಮತ್ತೆ ಕೆನ್ನೆ ಕೊಟ್ಟರು. ಅಷ್ಟು ಹೊತ್ತು ನಾನು ಎದುರಿಗೆ ನೋಡುತ್ತಿದ್ದೆ. ನನಗೆ ಕಂಡದ್ದು ಹಂದಿಯಲ್ಲ. ಕಂಬಳಿ ಕೊಪ್ಪೆ. ಕೊಪ್ಪೆಯ ಕೆಳಗೆ ಎರಡು ಕೈ; ಆ ಕೈಗಳಲ್ಲಿ ನಾಯಿ.

ನಾಯಿಗಳನ್ನು ಸಾಕಿಕೊಂಡಿದ್ದ ನಮ್ಮೂರಿನವನೇ ಅವನು. ಹೆಸರು ಬೇಡ, ಅವನ ಮೊಮ್ಮಕ್ಕಳು ಓದು ಬರಹ ಬಲ್ಲವರು. ತಿವಿತ ತಿಂದ ನಾಯಿಯನ್ನು ಹುಡುಕಿಕೊಂಡು ಸಾಲು ಬಿಟ್ಟು ಮುಂದೆ ಬಂದಿದ್ದ. ಕೂಗು ನಿಲ್ಲಿಸಿ, ಬಗ್ಗಿ ಅದನ್ನು ಎತ್ತಿಕೊಳ್ಳುತ್ತಿದ್ದ. ಇದೆಲ್ಲ ನನಗೆ ಒಂದು ಎರಡು ಮೂರು ಎಣಿಸುವಷ್ಟು ಹೊತ್ತು ಸ್ಪಷ್ಟವಾಗಿ ಕಂಡಿತು. "ಅಪ್ಪಯ್ಯ" ಎಂಬ ಮಾತು ಗಂಟಲವರೆಗೆ ಬಂತು. ಬಿಲ್ಲಿನಲ್ಲಿ ಮಾತಾಡಬಾರದು ಎಂಬುದು ಅದನ್ನು ಅಲ್ಲೇ ಹಿಡಿಯಿತು.

ಈಡು ಆಯಿತು.

ಮತ್ತಿಮರದ ಚಕ್ಕೆ ಹಾರಿತು. ಕೊಪ್ಪೆ ನೆಲಕ್ಕೆ ಕುಸಿಯಿತು. ಒಂದು ಗಳಿಗೆ ಬಿಟ್ಟು ಅಲ್ಲಿಂದ ದನಿ ಬಂತು: "ಹಂದಿ ಅತ್ಲಾಗೆ ಹೋಯ್ತು ಅಯ್ಯಾ, ಕೆಳಗಿನ ಬಿಲ್ಲಿಗೆ!" ಅವನ ಪಾಲಿಗೆ ಅಯ್ಯನವರು ಹೊಡೆದದ್ದು ಹಂದಿಗೆ, ಹಂದಿ ಎಲ್ಲೋ ತನ್ನ ಪಕ್ಕದಲ್ಲೇ ಹಾದುಹೋಗಿರಬೇಕು. ಅಪ್ಪಯ್ಯನ ಕೋವಿ ಮನುಷ್ಯನ ಕಡೆ ತಿರುಗೀತು ಎಂದು ಅವನ ಕನಸಿನಲ್ಲೂ ಬರುವಂತಿರಲಿಲ್ಲ. ನಂಬಿಕೆ ಕೆಲವೊಮ್ಮೆ ಗುಂಡಿಗಿಂತ ಹೆಚ್ಚು ನೋಯಿಸುತ್ತದೆಯೆಂದು ಅಪ್ಪಯ್ಯನ ಮುಖ ನೋಡಿದ ಮೇಲೆ ನನಗೆ ತಿಳಿಯಿತು. ಅವರು ಬೋಲ್ಟನ್ನು ಹಿಂದಕ್ಕೆಳೆದರು. ಬಿಸಿ ಚಿಪ್ಪು ನನ್ನ ಕಾಲ ಬಳಿ ಬಿತ್ತು. ಇನ್ನೊಂದು ತೋಟಾ ನಳಿಗೆಗೆ ಹೋಗಲಿಲ್ಲ.

ಕೆಳಗಿನ ಬಿಲ್ಲಿನಲ್ಲಿ ಯಾರೋ ಹಂದಿ ಹೊಡೆದರು. ಪಾಲಾಯಿತು. ಅಪ್ಪಯ್ಯನ ಗುರಿ ತಪ್ಪಿದ್ದೇ ಆ ದಿನದ ದೊಡ್ಡ ಸುದ್ದಿಯಾಗಿ, ಎಲ್ಲರೂ ಅವರನ್ನು ಸಲಿಗೆಯಿಂದ ಛೇಡಿಸಿದರು. ಅವರೂ ನಕ್ಕರು. ನಮ್ಮ ಪಾಲಿನ ಮಾಂಸವನ್ನು ನಾಯಿಯವನ ಮನೆಗೆ ಕಳಿಸಿದರು. ಗಾಯದ ನಾಯಿಗೆ ಅರಿಶಿನ, ಎಣ್ಣೆ ಕಳಿಸಿದರು. ಆ ವರ್ಷದಿಂದ ಅವನ ಮನೆಗೆ ಪ್ರತಿ ಸುಗ್ಗಿಯಲ್ಲೂ ಒಂದು ಮೂಟೆ ಭತ್ತ ಹೋಗತೊಡಗಿತು. ಅಮ್ಮ ಕಾರಣ ಕೇಳಿದಾಗ "ನಾಯಿ ಸಾಕೋದು ಸುಲಭ ಅಲ್ಲ" ಎಂದರು.

ಆಮೇಲೆ ಅಪ್ಪಯ್ಯ ಒಂದು ಮೃಗಕ್ಕೂ ಕೋವಿ ಎತ್ತಲಿಲ್ಲ. ಕರೆದಾಗಲೆಲ್ಲ ಸೊಂಟ ನೋವು, ತೋಟದ ಕೆಲಸ, ನೆಂಟರ ಮದುವೆ. ನಾಲ್ಕು ವರ್ಷ ಹೀಗೆ ಕಳೆಯುವಷ್ಟರಲ್ಲಿ 1972 ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಶಿಕಾರಿ ಮಾಡಬೇಕಾದರೆ ಪರವಾನಗಿ, ಪಟ್ಟಿಯ ಪ್ರಕಾರ ಇಂಥ ಮೃಗ, ಇಂತಿಷ್ಟು ಎಂದಾಯಿತು. ಊರಿನ ಕೋವಿಗಳೆಲ್ಲ ಕಾಯಿದೆಯನ್ನು ಬೈದವು. ನಮ್ಮ ಮನೆಯಲ್ಲಿ ಮಾತ್ರ ಅದಕ್ಕೆ ಸ್ವಾಗತ ಸಿಕ್ಕಿತು. ಯಾರು ಕೇಳಿದರೂ ಅಪ್ಪಯ್ಯ "ಸರ್ಕಾರ ಬೇಡ ಅಂತು, ಬಿಟ್ಟೆ" ಎನ್ನುವರು. ಕಾನೂನಿಗೆ ಇಷ್ಟು ತಲೆಬಾಗುವ ಮನುಷ್ಯ ಇನ್ನೊಬ್ಬನಿಲ್ಲ ಎಂದು ಅವರಿಗೆ ಹೊಸ ಹೆಸರು ಬಂತು. ಒಳ್ಳೆಯ ಗುರಿಕಾರನೆಂಬ ಹಳೆಯ ಹೆಸರಿಗಿಂತ ಈ ಹೊಸ ಹೆಸರೇ ಅವರಿಗೆ ಹೆಚ್ಚು ಭಾರವಾಗಿತ್ತೆಂದು ನನ್ನ ಊಹೆ.

ನಾವಿಬ್ಬರೂ ಆ ವಿಷಯ ಮಾತಾಡಿದ್ದು ಒಂದೇ ಸಲ, 1990 ರಲ್ಲಿ. ಅಷ್ಟರಲ್ಲಿ ಅವರಿಗೆ ಅರವತ್ತಾರು. ಜಗುಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸುತ್ತಾ, ಯಾವ ಪೀಠಿಕೆಯೂ ಇಲ್ಲದೆ ಕೇಳಿದರು.

"ಆವತ್ತು ನೀನು ಕಂಡಿದ್ಯಾ?"

ಯಾವತ್ತು ಎಂದು ನಾನು ಕೇಳಲಿಲ್ಲ. "ಕಂಡಿದ್ದೆ ಅಪ್ಪಯ್ಯ."

"ಈಡಿಗೆ ಮುಂಚೆಯೋ?"

"ಮುಂಚೆ."

ಅಡಕತ್ತರಿ ನಿಂತಿತು. "ಮತ್ತೆ ಯಾಕೆ ಹೇಳ್ಲಿಲ್ಲ?"

"ಬಿಲ್ಲಲ್ಲಿ ಮಾತಾಡ್ಬಾರ್ದು ಅಂತ ನೀವೇ ಹೇಳಿದ್ರಿ."

ಅವರು ಬಹಳ ಹೊತ್ತು ಅಂಗಳ ನೋಡಿದರು. ಕೊನೆಗೆ, "ಹೌದು. ಯಾವಾಗ ಮಾತಾಡ್ಬೇಕು ಅಂತ ಹೇಳಿಕೊಡ್ಲಿಲ್ಲ ನಾನು" ಎಂದು ಮತ್ತೆ ಅಡಿಕೆಗೆ ಕೈ ಹಾಕಿದರು. ಅಷ್ಟೇ. ಮರುವರ್ಷ ಅವರು ತೀರಿಕೊಂಡರು. ಬೇಟೆಯನ್ನು ಪೂರ್ತಿಯಾಗಿ ನಿಷೇಧಿಸಿದ ತಿದ್ದುಪಡಿ ಬಂದದ್ದೂ ಅದೇ 1991 ರಲ್ಲಿ.

ಕೋವಿ ವಾರಸಿನ ಲೆಕ್ಕದಲ್ಲಿ ಬೆಳೆ ರಕ್ಷಣೆಗೆಂದು ನನ್ನ ಹೆಸರಿಗೆ ಬಂತು. ಅದನ್ನು ನಾನು ರಕ್ಷಿಸಿದೆನೇ ಹೊರತು ಅದು ಬೆಳೆಯನ್ನು ರಕ್ಷಿಸಲಿಲ್ಲ. ಚುನಾವಣೆ ಘೋಷಣೆಯಾದಾಗಲೆಲ್ಲ ಗೋಣಿಯಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಯ್ದು ಠೇವಣಿ ಇಡುವುದು, ಫಲಿತಾಂಶ ಬಂದ ಮೇಲೆ ರಸೀದಿ ತೋರಿಸಿ ಬಿಡಿಸಿಕೊಂಡು ಬರುವುದು. ನಮ್ಮ ಪ್ರಜಾಪ್ರಭುತ್ವದಲ್ಲಿ ನನಗಿಂತ ಹೆಚ್ಚಾಗಿ ಭಾಗವಹಿಸಿದ್ದು ಆ ಕೋವಿ. 1998 ರ ಲೋಕಸಭಾ ಚುನಾವಣೆ ಮುಗಿದ ಮೇಲೆ ಹಾಗೆ ಬಿಡಿಸಿ ತಂದ ದಿನ, ಸಂಜೆ, ತುಕ್ಕು ಹಿಡಿದಿದೆಯೇ ಎಂದು ನೋಡಲು ಕಿಟಕಿಯ ಸರಳಿನ ಮೇಲಿಟ್ಟು ಕೆನ್ನೆ ಕೊಟ್ಟೆ.

ಕಚ್ಚು ಇರಲಿಲ್ಲ. ಅದರ ಜಾಗದಲ್ಲಿ ಹತ್ತಿ ಹಿಂಜಿಟ್ಟ ಹಾಗೆ ಏನೋ ಬೂದು ಬಣ್ಣ. ಮಣಿಯೂ ನೀರಿನಲ್ಲಿ ಕಂಡಂತೆ ಅಲುಗಾಡುತ್ತಿತ್ತು. ತಲೆ ಹಿಂದಕ್ಕೆ ತೆಗೆದೆ, ಕಣ್ಣು ಕಿರಿದು ಮಾಡಿದೆ, ಮತ್ತೆ ಕೆನ್ನೆ ಕೊಟ್ಟೆ. ಹಾಗೆ ಮಾಡುತ್ತಿರುವುದು ನಾನಲ್ಲ, ಅಪ್ಪಯ್ಯ ಎನ್ನಿಸಿ ಮೈ ಜುಂ ಎಂದಿತು. 1968 ರಲ್ಲಿ ಅವರಿಗೆ ನಲವತ್ತನಾಲ್ಕು.

ಕಣ್ಣಿಗೆ ಏಕಕಾಲಕ್ಕೆ ಮೂರು ದೂರವನ್ನು ಸ್ಪಷ್ಟವಾಗಿ ನೋಡಲು ಆಗುವುದಿಲ್ಲ. ಕಚ್ಚು ಹತ್ತಿರ, ಮಣಿ ಅದರಾಚೆ, ಮೃಗ ದೂರ. ಮಣಿ ನಿಚ್ಚಳವಾದಾಗ ಮೃಗ ಮಸುಕಾಗಲೇಬೇಕು. ಎಳೆಯ ಕಣ್ಣು ಮಣಿಗೂ ಮೃಗಕ್ಕೂ ನಡುವೆ ಮಗ್ಗದ ಲಾಳಿಯಂತೆ ಓಡಾಡಿ ಈ ಕೊರತೆಯನ್ನು ತುಂಬಿಕೊಳ್ಳುತ್ತದೆ. ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಮಸೂರ ಗಡುಸಾಗಿ ಆ ಲಾಳಿ ನಿಧಾನವಾಗುತ್ತದೆ. ಬೆಳಕು ಕಡಿಮೆಯಿದ್ದರೆ ಪಾಪೆ ಅಗಲವಾಗಿ ಮಸುಕು ಇನ್ನೂ ಹೆಚ್ಚುತ್ತದೆ. ಆ ಕಾವಳದ ಬೆಳಗಿನಲ್ಲಿ ಅಪ್ಪಯ್ಯ ಮಣಿಯನ್ನು ಹಿಡಿಯಲು ಹೆಣಗುತ್ತಿದ್ದರು. ಅಷ್ಟರಲ್ಲಿ ಎದುರಿನದು ಬರೀ ಕಪ್ಪು ಮುದ್ದೆಯಾಗಿತ್ತು. ನಾಯಿ ಕಿರುಚಿದಾಗಲೇ ಅವರ ಮನಸ್ಸು ಅದಕ್ಕೆ ಹಂದಿಯೆಂದು ಹೆಸರಿಟ್ಟಾಗಿತ್ತು. ಕಣ್ಣು ಆ ಹೆಸರಿಗೆ ರುಜು ಹಾಕಿತು.

ಇಲ್ಲಿಯವರೆಗೆ ಇದು ಚಾಳೀಸಿನ ಮೇಲಿನ ದೂರು. ಇನ್ನೊಂದು ಮಾತಿದೆ. ನಾನು ಕಿಟಕಿಯಲ್ಲಿ ಮತ್ತೆ ಮತ್ತೆ ಗುರಿ ಹಿಡಿದು, ತಲೆ ಅಲುಗಿಸದೆ ಚಾಳೀಸು ಹಾಕಿಕೊಂಡು ನೋಡಿದೆ. ಪ್ರತಿ ಸಲವೂ ಮಣಿ ಕಚ್ಚಿನ ಮೇಲೆ ಪೂರ್ತಿ ಎದ್ದು ನಿಂತಿತ್ತು. ಕಚ್ಚು ಕಾಣದಾಗ ಕೈ ತಾನಾಗಿಯೇ ಮಣಿಯನ್ನು ಬೆಳಕಿಗೆ ಎತ್ತುತ್ತದೆ. ಮಣಿ ಎದ್ದರೆ ಗುಂಡು ಮೇಲೆ. ಅರವತ್ತು ಗಜಕ್ಕೆ ಒಂದು ಗೇಣು.

ಅಪ್ಪಯ್ಯನಿಗೆ ಅವನು ಹಂದಿಯಾಗಿ ಕಂಡದ್ದೂ ಚಾಳೀಸಿನಿಂದ. ಅವನು ಉಳಿದದ್ದೂ ಚಾಳೀಸಿನಿಂದ. ಅವರ ಕಣ್ಣು ಇನ್ನೂ ಹತ್ತು ವರ್ಷ ಚೆನ್ನಾಗಿದ್ದಿದ್ದರೆ ಕೋವಿ ಎತ್ತುತ್ತಲೇ ಇರಲಿಲ್ಲ. ಇನ್ನೊಂದಿಷ್ಟು ಕೆಟ್ಟು, ಕೈಗೆ ಹಳೆಯ ಅಭ್ಯಾಸ ಮಾತ್ರ ಉಳಿದಿದ್ದರೆ ಏನಾಗುತ್ತಿತ್ತೋ. ಈ ಲೆಕ್ಕವನ್ನು ಅವರಿಗೆ ಹೇಳಬೇಕೆನಿಸಿತು. ಹೇಳಿದ್ದರೆ ಅವರಿಗೆ ಸಮಾಧಾನ ಆಗುತ್ತಿತ್ತೇ ಎಂದು ಖಂಡಿತ ಹೇಳಲಾರೆ. ನನ್ನ ಬಾಯಿಗಂತೂ ಚಾಳೀಸು ಬಂದಿರಲಿಲ್ಲ. ಅದಕ್ಕೆ ಯಾವ ಲೆಕ್ಕವೂ ಇಲ್ಲ.

ಈಗ ನನಗೆ ಎಪ್ಪತ್ತು ತುಂಬಿದೆ. ಹಂದಿಗಳು ಈಗಲೂ ಗದ್ದೆಗೆ ಬರುತ್ತವೆ. ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಬರೆಯುತ್ತೇವೆ. ಕೋವಿಯ ವಿಷಯ ಬಂದಾಗ ಮೊಮ್ಮಗ ಗುರಿ ಹಿಡಿಯುವುದನ್ನು ಕಲಿಸು ಎನ್ನುತ್ತಾನೆ. ಅವನಿಗೆ ಮಣಿ, ಕಚ್ಚು ಎಲ್ಲ ಹೇಳಿಕೊಟ್ಟಿದ್ದೇನೆ, ತೋಟಾ ಇಲ್ಲದೆ. ಜೊತೆಗೆ ಒಂದು ಪಾಠ ಸೇರಿಸಿದ್ದೇನೆ: ಅಜ್ಜ ಕೋವಿ ಎತ್ತಿದಾಗ ನಿನಗೆ ಬೇರೆ ಏನಾದರೂ ಕಂಡರೆ ಕೂಗು, ಬೇಟೆ ಹೋದರೆ ಹೋಗಲಿ.

ಆ ಮತ್ತಿಮರ ಇನ್ನೂ ಇದೆ. ಮರ ಎಷ್ಟು ಎತ್ತರಕ್ಕೆ ಬೆಳೆದರೂ ಕಾಂಡದ ಮೇಲಿನ ಗುರುತು ಮೇಲಕ್ಕೆ ಹೋಗುವುದಿಲ್ಲ. ಇದ್ದಲ್ಲೇ ಇದ್ದು, ಸುತ್ತ ತೊಗಟೆ ಮಡಚಿಕೊಂಡು ನಿಧಾನವಾಗಿ ಮುಚ್ಚುತ್ತದೆ. ಕಳೆದ ಸುಗ್ಗಿಯಲ್ಲಿ ನಾಯಿಯವನ ಮಗನ ಮನೆಗೆ ಭತ್ತ ಕೊಟ್ಟು ಬರುವಾಗ ಆ ದಾರಿಯಲ್ಲಿ ಹೋದೆ. ಮರದ ಬುಡದಲ್ಲಿ, ನಾಯಿ ಎತ್ತಿಕೊಳ್ಳುವವರ ಹಾಗೆ ಬಗ್ಗಿ ನಿಂತೆ. ಕೈ ಹಿಂದಕ್ಕೆ ಚಾಚಿ ಗುರುತನ್ನು ತಡಕಿದೆ. ನನ್ನ ತಲೆಯಿಂದ ಮೇಲಕ್ಕೆ ನಾಲ್ಕು ಬೆರಳು.